ಯಾವ ಚಾಪ್‌ಮನ್?

2020ರ ಅಕ್ಟೋಬರ್ 12, ಸೋಮವಾರ ಸಂಜೆ. ಬಾಗಲೂರಿನ ಟೀ ಅಂಗಡಿಯೊಂದರ ಮುಂದೆ ನಿಂತಿದ್ದೆವು. ಕೊರೊನಾ ಕಾಲ. ಮಾಸ್ಕು ಗಲ್ಲಕ್ಕೆ ಜಾರಿತ್ತು, ಕೈಯಲ್ಲಿ ಪೇಪರ್ ಲೋಟ. ಪಾಸಿಟಿವ್ ಎಷ್ಟು, ಡಿಸ್ಚಾರ್ಜ್ ಎಷ್ಟು, ತೀರಿಕೊಂಡವರೆಷ್ಟು ಎಂದು ಬೆಳಗ್ಗೆಯಿಂದ ಫೋನು ಮಾಡಿ, ಬರೆದು, ಕಳಿಸಿ ಸುಸ್ತಾಗಿತ್ತು. ಆ ದಿನಗಳಲ್ಲಿ ಸಾವು ಅಂದರೆ ನಮಗೆ ಒಂದು ಅಂಕಿ ಅಷ್ಟೇ.

ಏಳೂವರೆಗೆ ಐಪಿಎಲ್ ಮ್ಯಾಚ್ ಇತ್ತು. ಶಾರ್ಜಾದಲ್ಲಿ ನಮ್ಮ ಆರ್‌ಸಿಬಿಗೂ ಕೋಲ್ಕತ್ತದ ನೈಟ್ ರೈಡರ್ಸ್‌ಗೂ. ಅಂಗಡಿ ಮುಂದಿನ ಮಾತೆಲ್ಲ ಅದೇ. ಕೊಹ್ಲಿ ಎಷ್ಟು ಹೊಡೀತಾನೆ, ಎಬಿಡಿ ಯಾವಾಗ ಬರ್ತಾನೆ.

ಆಗ ಒಬ್ಬ ಹುಡುಗ ಬಂದು ನಮ್ಮ ಪಕ್ಕ ನಿಂತ. ಮುಖ ಗುರುತಿತ್ತು. ಊರಾಚೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸದವನು, ತಗಡಿನ ಶೆಡ್ಡಿನಲ್ಲಿ ಇರುವವನು, ಬಂಗಾಳದ ನದಿಯಾ ಜಿಲ್ಲೆಯವನು. ಲಾಕ್‌ಡೌನಿನಲ್ಲಿ ಶೆಡ್ಡಿನವರಿಗೆ ರೇಷನ್ ಸಿಗುತ್ತಿಲ್ಲ ಎಂದು ಸುದ್ದಿ ಮಾಡಲು ಹೋದಾಗ ಪರಿಚಯವಾಗಿತ್ತು. ಆವತ್ತು ಕೆಂಪು ಹಳದಿ ಬಣ್ಣದ ಹಳೇ ಜೆರ್ಸಿ ಹಾಕಿದ್ದ. ಕಣ್ಣು ಊದಿತ್ತು.

ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಕೇಳಿದ. ‘ದಾದಾ, ನೀವು ಪೇಪರ್‌ನವರು ಅಲ್ವಾ? ಚಾಪ್‌ಮನ್ ಮನೆ ಎಲ್ಲಿ ಬರುತ್ತೆ? ಮಣ್ಣು ಎಷ್ಟೊತ್ತಿಗೆ? ನಾನು ಹೋಗಬೇಕು.’

ನಾವು ಕೇಳಿದೆವು, ‘ಯಾವ ಚಾಪ್‌ಮನ್?’

ಅವನು ನಮ್ಮ ಮುಖವನ್ನೇ ನೋಡಿದ. ನಾವು ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡನೋ ಏನೋ. ಆಮೇಲೆ ಮೆಲ್ಲಗೆ ಹೇಳಿದ, ‘ಕಾರ್ಲ್‌ಟನ್ ಚಾಪ್‌ಮನ್. ಫುಟ್‌ಬಾಲ್. ನಿಮ್ಮ ಬೆಂಗಳೂರಿನವರು. ಇವತ್ತು ಬೆಳಗಿನ ಜಾವ ಹೋಗಿಬಿಟ್ಟರು.’

ಆ ಒಂದು ಪ್ರಶ್ನೆ, ಯಾವ ಚಾಪ್‌ಮನ್ ಅಂತ ನಾವು ಕೇಳಿದ್ದು, ಇವತ್ತಿಗೂ ನಮಗೆ ನಾಚಿಕೆ ತರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಫೋನು ತೆಗೆದು ಹುಡುಕಿದೆವು. ಸುದ್ದಿ ನಿಜ. ಭಾನುವಾರ ರಾತ್ರಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಸೋಮವಾರ ನಸುಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು 49. ಭಾರತ ತಂಡದ ಮಾಜಿ ನಾಯಕ. ನಾವು ದಿನವಿಡೀ ಸಾವಿನ ಲೆಕ್ಕ ಕೇಳುತ್ತ ಕೂತಿದ್ದ ಊರಿನಲ್ಲೇ ಈ ಸಾವೂ ಆಗಿತ್ತು. ನಮಗೆ ತಿಳಿಸಲು ಎರಡು ಸಾವಿರ ಕಿಲೋಮೀಟರ್ ಆಚೆಯಿಂದ ಗಾರೆ ಕೆಲಸಕ್ಕೆ ಬಂದ ಹುಡುಗ ಬೇಕಾಯಿತು.

ಅವನಿಗೇಕೆ ಅಷ್ಟು ದುಃಖ? ಅವನಿಗೆ ಆಗ ಇಪ್ಪತ್ತೈದು ಇಪ್ಪತ್ತಾರು ಇರಬೇಕು. ಚಾಪ್‌ಮನ್ ಆಟ ನಿಲ್ಲಿಸಿದ್ದು 2001ರಲ್ಲಿ. ಇವನು ನೋಡಿದ್ದಾದರೂ ಏನು? ಕೇಳಿದೆವು. ‘ನಾನು ನೋಡಿಲ್ಲ. ಅಪ್ಪ ನೋಡಿದ್ದಾರೆ. ನಮ್ಮ ಮನೇಲಿ ಅವರ ಹೆಸರು ಹೇಳದ ದಿನ ಇಲ್ಲ’ ಅಂದ.

ಅವನು ಹೇಳಿದ್ದರಲ್ಲಿ ಅರ್ಧ ನಮಗೆ ಆಗಲೇ ತಿಳಿಯಿತು. ಉಳಿದರ್ಧ ಆಮೇಲೆ ಓದಿ ತಿಳಿದುಕೊಂಡೆವು. ಫುಟ್‌ಬಾಲ್ ಗೊತ್ತಿಲ್ಲದವರಿಗಾಗಿ ಅದನ್ನು ಇಲ್ಲಿ ಹೇಳಲೇಬೇಕು.

ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಅಂತ ಒಂದು ಕ್ಲಬ್ಬಿದೆ. 1920ರಲ್ಲಿ ಹುಟ್ಟಿದ್ದು. ಪೂರ್ವ ಬಂಗಾಳ, ಅಂದರೆ ಇವತ್ತಿನ ಬಾಂಗ್ಲಾದೇಶದ ಕಡೆಯಿಂದ ಬಂದವರ ತಂಡ. 1947ರಲ್ಲಿ ದೇಶ ಒಡೆದಾಗ ಮನೆ, ಗದ್ದೆ, ದೇವರ ಗುಡಿ ಎಲ್ಲ ಬಿಟ್ಟು ಉಟ್ಟ ಬಟ್ಟೆಯಲ್ಲಿ ಲಕ್ಷಾಂತರ ಜನ ಈಚೆಗೆ ಬಂದರಲ್ಲ, ಅವರಿಗೆ ‘ಇದು ನಮ್ಮದು’ ಎಂದು ಹೇಳಿಕೊಳ್ಳಲು ಉಳಿದದ್ದು ಈ ಕ್ಲಬ್ಬು. ಎದುರಿಗೆ ಮೋಹನ್ ಬಾಗಾನ್, 1889ರ ತಂಡ, ಪಶ್ಚಿಮ ಬಂಗಾಳದ ಹಳೇ ಕುಳಗಳದ್ದು. ಈಸ್ಟ್ ಬೆಂಗಾಲ್ ಗೆದ್ದರೆ ಆ ಮನೆಗಳಲ್ಲಿ ಹಿಲ್ಸಾ ಮೀನಿನ ಊಟ, ಮೋಹನ್ ಬಾಗಾನ್ ಗೆದ್ದರೆ ಈ ಮನೆಗಳಲ್ಲಿ ಸೀಗಡಿ. ನಮ್ಮ ಹುಡುಗನ ಅಜ್ಜ ಗಡಿ ದಾಟಿ ಬಂದವರು. ಗೆದ್ದಾಗ ಅಳುತ್ತಿದ್ದರಂತೆ, ಸೋತಾಗ ಊಟ ಬಿಡುತ್ತಿದ್ದರಂತೆ.

ಅಂಥ ಕ್ಲಬ್ಬಿಗೆ 1993ರಲ್ಲಿ ಬೆಂಗಳೂರಿನ ಹುಡುಗನೊಬ್ಬ ಹೋಗಿ ಸೇರಿದ. ಕಾರ್ಲ್‌ಟನ್ ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಎಂಬತ್ತರ ದಶಕದ ನಡುವೆ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತು, ಸದರ್ನ್ ಬ್ಲೂಸ್ ತಂಡಕ್ಕೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದವರು. ಅಲ್ಲಿಂದ ಕೋಲ್ಕತ್ತ. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಎಂಬ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡ ಎದುರಾಯಿತು. ಇರಾಕ್ ಅಂದರೆ ಫುಟ್‌ಬಾಲಿನಲ್ಲಿ ನಮಗಿಂತ ಎಷ್ಟೋ ಮುಂದಿದ್ದ ದೇಶ. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್‌ರದ್ದು. ನಮ್ಮ ಹುಡುಗನ ಅಪ್ಪ ಆ ಮ್ಯಾಚಿನ ಕತೆ ಹೇಳುವಾಗ ಎದ್ದು ನಿಂತು ಒದ್ದೇ ತೋರಿಸುತ್ತಾರಂತೆ.

1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗವಾಡದ ಜೆಸಿಟಿಗೆ ಹೋದರು. ಬಟ್ಟೆ ಮಿಲ್ಲಿನ ತಂಡ ಅದು. ಅಲ್ಲಿ ಮೂವರು ಒಂದಾದರು. ಆಟದ ಮೈದಾನದಲ್ಲಿ ಸೋಡಾ ಮಾರುತ್ತ ಬೆಳೆದ ತ್ರಿಶೂರಿನ ಐ.ಎಂ. ವಿಜಯನ್, ಸಿಕ್ಕಿಂನ ಬೆಟ್ಟದಿಂದ ಬಂದ ಬೈಚುಂಗ್ ಭುಟಿಯಾ, ನಮ್ಮ ಬೆಂಗಳೂರಿನ ಚಾಪ್‌ಮನ್. ದೇಶದ ಮೂರು ಮೂಲೆಯ ಮೂವರು. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆದಾಗ ಕಪ್ಪು ಜೆಸಿಟಿಗೆ ಬಂತು. 1997ರಲ್ಲಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲೂ ಚಾಪ್‌ಮನ್ ಇದ್ದರು. ಆಮೇಲೆ ಸ್ವಲ್ಪ ದಿನ ಎಫ್‌ಸಿ ಕೊಚ್ಚಿನ್, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಾಗ ತಂಡದ ನಾಯಕ ಇವರೇ.

ಹೊರಗಿನವನೊಬ್ಬ ಬಂದು, ಮನೆ ಕಳೆದುಕೊಂಡವರ ತಂಡಕ್ಕೆ ನಾಯಕನಾಗಿ, ಅವರು ಬಹಳ ದಿನದಿಂದ ಕಾದಿದ್ದ ಕಪ್ಪನ್ನು ತಂದುಕೊಟ್ಟ. ಆ ಜನ ಮರೆಯುತ್ತಾರೆಯೇ? ಆಡುವುದನ್ನು ನಿಲ್ಲಿಸಿ ಹತ್ತೊಂಬತ್ತು ವರ್ಷವಾದ ಮೇಲೂ ಅವರ ಮನೆ ಹುಡುಗ ಬಾಗಲೂರಿನ ಟೀ ಅಂಗಡಿ ಮುಂದೆ ನಿಂತು ಅಳುತ್ತಿದ್ದ.

ಆ ಹುಡುಗನನ್ನು ನಾವು ಚಾಪ್‌ಮನ್ ಮನೆಗೆ ಕರೆದುಕೊಂಡು ಹೋಗಲಿಲ್ಲ. ವಿಳಾಸ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೊರೊನಾ ದಿನಗಳಲ್ಲಿ ಸಾವಿನ ಮನೆಗೆ ಹೋಗುವುದು ಹೇಗಿತ್ತು ಅನ್ನುವುದು ನಿಮಗೇ ಗೊತ್ತು. ಸ್ವಂತ ಚಿಕ್ಕಪ್ಪನ ಮಣ್ಣಿಗೂ ಲೆಕ್ಕ ಹಾಕಿ ಇಪ್ಪತ್ತು ಜನ ಹೋದ ಕಾಲ ಅದು. ‘ಬೇಡ ಕಣೋ, ಈಗ ಬಿಡಲ್ಲ’ ಅಂದೆವು. ಅವನು ತಲೆ ಆಡಿಸಿದ. ಟೀ ದುಡ್ಡು ನಾವು ಕೊಡುತ್ತೇವೆ ಅಂದರೂ ಕೇಳದೆ ತಾನೇ ಕೊಟ್ಟು ಶೆಡ್ಡಿನ ಕಡೆ ನಡೆದ.

ಆ ರಾತ್ರಿ ಎಬಿಡಿ 33 ಎಸೆತಕ್ಕೆ 73 ಹೊಡೆದ. ಆರ್‌ಸಿಬಿ 82 ರನ್ನಿನಿಂದ ಗೆದ್ದಿತು. ಬೆಂಗಳೂರು ಕೋಲ್ಕತ್ತವನ್ನು ಸೋಲಿಸಿತು ಎಂದು ನಮ್ಮೂರಲ್ಲಿ ಪಟಾಕಿ ಹೊಡೆದರು, ಬೈಕಿನ ಹಾರನ್ ಬಾರಿಸಿದರು. ಅದೇ ರಾತ್ರಿ ಊರಾಚೆಯ ಶೆಡ್ಡಿನಲ್ಲಿ ಕೋಲ್ಕತ್ತದ ಕಡೆಯ ಹುಡುಗನೊಬ್ಬ ಬೆಂಗಳೂರಿನವನಿಗಾಗಿ ಊಟ ಬಿಟ್ಟು ಮಲಗಿದ್ದ. ಮರುದಿನ ಅವನ ಜೊತೆಯವರೇ ಹೇಳಿದರು.

ನಾವೂ ಆ ರಾತ್ರಿ ಒಂದು ಸುದ್ದಿ ಬರೆದು ಕಳಿಸಿದೆವು. ಡೆಸ್ಕಿನಿಂದ ಫೋನು ಬಂತು. ‘ಇದು ನಿಮ್ಮ ಏರಿಯಾ ಸುದ್ದಿ ಹೇಗಾಗುತ್ತೆ? ಏಜೆನ್ಸಿಯಿಂದ ಬಂದಿದೆ, ಕ್ರೀಡಾ ಪುಟದವರು ನೋಡ್ಕೋತಾರೆ. ನೀವು ಕೆರೆ ಒತ್ತುವರಿ ಸುದ್ದಿ ಕಳಿಸಿ.’ ತಪ್ಪು ಅವರದಲ್ಲ. ಜಿಲ್ಲಾ ಪುಟಕ್ಕೆ ಅದರದೇ ಗಡಿ. ನಮ್ಮ ತಪ್ಪೇನೆಂದರೆ, ‘ಇಲ್ಲಿ ಒಬ್ಬ ಬಂಗಾಳಿ ಹುಡುಗ ಅಳ್ತಿದಾನೆ, ಅದು ನಮ್ಮ ಏರಿಯಾ ಸುದ್ದಿ’ ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ. ಕೆರೆ ಒತ್ತುವರಿ ಸುದ್ದಿ ಕಳಿಸಿ ಮಲಗಿದೆವು.

ಆಮೇಲೆ ಒಂದೂವರೆ ತಿಂಗಳಿಗೆ, ನವೆಂಬರ್ 25ಕ್ಕೆ, ಮರಡೋನಾ ತೀರಿಕೊಂಡರು. ಅರ್ಜೆಂಟೀನಾದಲ್ಲಿ ಮೂರು ದಿನ ಶೋಕಾಚರಣೆ. ಕೇರಳ ಸರ್ಕಾರ ಕ್ರೀಡಾ ಕ್ಷೇತ್ರಕ್ಕೆ ಎರಡು ದಿನ ಶೋಕ ಘೋಷಿಸಿತು. ನಮ್ಮ ಬಾಗಲೂರಿನ ವಾಟ್ಸಾಪ್ ಗ್ರೂಪುಗಳಲ್ಲೂ ಸ್ಟೇಟಸ್ಸೋ ಸ್ಟೇಟಸ್ಸು. ಒಂದು ಮ್ಯಾಚನ್ನೂ ಪೂರ್ತಿ ನೋಡದವರೂ ‘ದೇವರ ಕೈ’ ಕತೆ ಹಾಕಿದರು. ನಾವೂ ಹಾಕಿದೆವು. ಹಾಕಿದ ಮೇಲೆ ಆ ಹುಡುಗನ ಮುಖ ನೆನಪಾಯಿತು. ಅಳಿಸಿದೆವು. ಮರಡೋನಾ ದೊಡ್ಡ ಆಟಗಾರ, ಸ್ಟೇಟಸ್ ಹಾಕಿದ್ದು ತಪ್ಪಲ್ಲ. ಆದರೆ ಹದಿನೈದು ಸಾವಿರ ಕಿಲೋಮೀಟರ್ ದೂರದವನು ಗೊತ್ತು, ಮೂವತ್ತು ಕಿಲೋಮೀಟರ್ ದೂರದವನು ಗೊತ್ತಿಲ್ಲ ಅಂದರೆ ಏನು ಹೇಳೋದು?

ಇದು ಹೀಗೇಕೆ ಅಂತ ಬಹಳ ದಿನ ಯೋಚಿಸಿದೆವು.

ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದು ದಂಡಿನ ಜೊತೆ. ಬ್ರಿಟಿಷ್ ಸಿಪಾಯಿಗಳು ಆಡಿದರು, ಅವರನ್ನು ನೋಡಿ ದಂಡಿನ ಸುತ್ತಲಿನ ಬಡವರ ಮಕ್ಕಳು ಆಡಿದರು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರದ ಗಲ್ಲಿಗಳಲ್ಲಿ ಬೆಳೆಯಿತು. 1948ರ ಲಂಡನ್ ಒಲಿಂಪಿಕ್ಸಿಗೆ ಬರಿಗಾಲಲ್ಲಿ ಆಡಲು ಹೋದ ಭಾರತ ತಂಡದಲ್ಲಿ ಬೆಂಗಳೂರಿನವರು ಒಬ್ಬಿಬ್ಬರಲ್ಲ. ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್ ಬೆಂಗಳೂರಿನವರು. ಈ ಅಹ್ಮದ್ ಖಾನ್ ಚಾಪ್‌ಮನ್‌ಗಿಂತ ನಲವತ್ತು ವರ್ಷ ಮೊದಲೇ ಈಸ್ಟ್ ಬೆಂಗಾಲಿಗೆ ಆಡಿದವರು. ಅಹ್ಮದ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೇಹ್, ಈ ಐವರನ್ನು ಕೋಲ್ಕತ್ತದವರು ಪಂಚಪಾಂಡವರು ಅಂತಲೇ ಕರೆದರು. ದಕ್ಷಿಣದಿಂದ ಹೋದವರಿಗೆ ಮಹಾಭಾರತದ ಹೆಸರಿಟ್ಟು ಮನೆಯವರನ್ನಾಗಿ ಮಾಡಿಕೊಂಡರು. ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗಲೂ ನಾವು ಸುದ್ದಿ ಕಳಿಸುವ ಕೆಲಸದಲ್ಲೇ ಇದ್ದೆವು. ಆಗಲೂ ನಮಗೆ ಗೊತ್ತಾಗಲಿಲ್ಲ.

ಆದರೆ ಈ ಆಟ ದಂಡು ಬಿಟ್ಟು ಹಳ್ಳಿಗೆ ಬರಲಿಲ್ಲ. ಹೆಬ್ಬಾಳ ದಾಟಿ ಈಚೆಗೆ ಬಂದರೆ ಕಬಡ್ಡಿ, ವಾಲಿಬಾಲ್, ಆಮೇಲೆ ಟೆನಿಸ್ ಬಾಲ್ ಕ್ರಿಕೆಟ್. ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಫುಟ್‌ಬಾಲ್, ಅದೂ ಗಾಳಿ ಹೋದದ್ದು, ಮೇಷ್ಟ್ರ ಬೀರುವಿನಲ್ಲಿ. ಹಾಗಂತ ದಂಡಿನ ಜನ ಅಳಲಿಲ್ಲ ಅಂತಲ್ಲ. ಹಲಸೂರಿನ ಹತ್ತಿರ ಗೌತಮಪುರ ಅಂತ ಒಂದು ಕಡೆ ಇದೆ. ಬೀದಿಯಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ಆ ಪ್ರತಿಮೆಗೆ ಹಾರ ಹಾಕಿದರು. ಅಂಥ ಜನ ಚಾಪ್‌ಮನ್‌ರನ್ನು ಮರೆಯುವುದಿಲ್ಲ. ಮರೆತವರು, ಅಲ್ಲ, ಕೇಳಿಯೇ ಇಲ್ಲದವರು ನಾವು, ಅದೇ ನಗರದ ಅಂಚಿನವರು. ನಮಗೆ ಬೆಂಗಳೂರು ಅಂದರೆ ಕೋರ್ಟು, ಆಸ್ಪತ್ರೆ, ಮಾರ್ಕೆಟ್ಟು. ಅಲ್ಲೊಂದು ಆಟವಿದೆ, ಆ ಆಟಕ್ಕೆ ಹೀರೋಗಳಿದ್ದಾರೆ ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆಟ ನಿಲ್ಲಿಸಿದ ಮೇಲೆ ಚಾಪ್‌ಮನ್ ಏನು ಮಾಡಿದರು ಅನ್ನುವುದನ್ನೂ ಓದಿದೆವು. ಟಾಟಾ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಿದರು. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ಕೋಯಿಕ್ಕೋಡಿನ ಕ್ವಾರ್ಟ್ಜ್. ದೊಡ್ಡ ದುಡ್ಡಿನ ತಂಡಗಳಲ್ಲ ಇವು. ಟಿವಿಯಲ್ಲಿ ಬರುವವಲ್ಲ. ಊರಿಂದ ಊರಿಗೆ, ಚಿಕ್ಕ ತಂಡದಿಂದ ಚಿಕ್ಕ ತಂಡಕ್ಕೆ. ಭಾರತ ತಂಡದ ನಾಯಕನಾಗಿದ್ದವರು ಹೆಸರಿಲ್ಲದ ಹುಡುಗರಿಗೆ ಪಾಸ್ ಕೊಡುವುದು ಹೇಗೆ ಅಂತ ಕಲಿಸುತ್ತ ಓಡಾಡಿದರು. ಆ ಪಟ್ಟಿ ಓದುವಾಗ ನಮಗೆ ಗಂಟಲು ಕಟ್ಟಿತು.

ಇನ್ನೊಂದು ಮಾತು. 49 ಅನ್ನುವುದು ಸಾಯುವ ವಯಸ್ಸಲ್ಲ. ಓಡಿ ಆಡಿ ಗಟ್ಟಿಯಾದ ದೇಹಕ್ಕೆ ಏನೂ ಆಗುವುದಿಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಒಂದು ವರ್ಷ ಕಳೆದು, 2021ರ ಅಕ್ಟೋಬರ್ 29ರಂದು, ಪುನೀತ್ ರಾಜ್‌ಕುಮಾರ್ ಹೋದರು. ವಯಸ್ಸು 46. ನಮ್ಮೂರಿನಿಂದ ಜನ ಸಿಕ್ಕ ಗಾಡಿ ಹತ್ತಿ ಕಂಠೀರವ ಕ್ರೀಡಾಂಗಣಕ್ಕೆ ಹೋದರು. ನಾವೂ ಹೋಗಿದ್ದೆವು. ಕ್ಯೂನಲ್ಲಿ ನಿಂತಾಗ ಆ ಗಾರೆ ಹುಡುಗನ ದುಃಖ ಎಂಥದ್ದು ಅಂತ ನಮಗೆ ಪೂರ್ತಿ ಅರ್ಥವಾಯಿತು. ಪುನೀತ್ ನಮ್ಮನ್ನು ಕಂಡವರಲ್ಲ, ನಮ್ಮ ಹೆಸರು ಗೊತ್ತಿದ್ದವರಲ್ಲ. ಆದರೂ ನಮ್ಮ ಮನೆಯವರೇ. ಅವನಿಗೆ ಚಾಪ್‌ಮನ್ ಹಾಗೆ.

ಅದೇ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರಂದು ಇನ್ನೊಂದು ಸಾವಾಗಿತ್ತು. ಫೆಡರೇಷನ್ ಕಪ್ ಫೈನಲ್ಲು. ಗೋವಾದ ಡೆಂಪೊ ತಂಡಕ್ಕೆ ಆಡುತ್ತಿದ್ದ ಬ್ರೆಜಿಲ್ಲಿನ ಕ್ರಿಸ್ಟಿಯಾನೊ ಜೂನಿಯರ್, ಅವರೂ ಹಿಂದೆ ಈಸ್ಟ್ ಬೆಂಗಾಲಿಗೆ ಆಡಿದವರೇ, ಮೋಹನ್ ಬಾಗಾನ್ ವಿರುದ್ಧ ಎರಡು ಗೋಲು ಹೊಡೆದರು. ಎರಡನೇ ಗೋಲಿನ ಹೊತ್ತಿಗೆ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. ಮೈದಾನದಲ್ಲಿ ತಕ್ಷಣದ ಚಿಕಿತ್ಸೆಗೆ ಸರಿಯಾದ ವ್ಯವಸ್ಥೆ ಇರಲಿಲ್ಲ ಎಂದು ಆಗ ದೊಡ್ಡ ಗಲಾಟೆಯಾಯಿತು. 2012ರ ಮಾರ್ಚಿನಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡುವಾಗ ಕುಸಿದರು. ಆಂಬುಲೆನ್ಸ್ ಇರಲಿಲ್ಲ, ಆಟೋದಲ್ಲಿ ಸಾಗಿಸಿದರು. ಉಳಿಯಲಿಲ್ಲ. 2021ರ ಜೂನಿನಲ್ಲಿ ಡೆನ್ಮಾರ್ಕಿನ ಎರಿಕ್ಸೆನ್ ಯೂರೊ ಕಪ್ಪಿನಲ್ಲಿ ಹಾಗೇ ಕುಸಿದರು. ಅವರ ಎದೆ ಒತ್ತಲು, ಯಂತ್ರದಿಂದ ಹೃದಯಕ್ಕೆ ಶಾಕ್ ಕೊಡಲು ಜನ ಅಲ್ಲೇ ಇದ್ದರು. ಮುಂದಿನ ವರ್ಷ ಅವರು ಮತ್ತೆ ಆಡಿದರು.

ಹಾಗಾಗಿ ಒಂದು ಉಪಯೋಗದ ಮಾತು. ಎದೆ ಹಿಡಿದುಕೊಂಡರೆ, ಬೆವತರೆ, ಎಡಗೈ ಜೋಮು ಹಿಡಿದರೆ ‘ಗ್ಯಾಸು’ ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನು ಮಾಡಿ. ಪುನೀತ್ ಹೆಸರಿನಲ್ಲೇ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿದೆ. ಅದರಲ್ಲಿ ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಯಾರಾದರೂ ಕುಸಿದು ಉಸಿರು ನಿಂತರೆ ನೀರು ಕುಡಿಸಲು ಹೋಗಬೇಡಿ. ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ, ಆಂಬುಲೆನ್ಸ್ ಬರುವವರೆಗೆ ಒತ್ತುತ್ತಲೇ ಇರಿ. ಕಲಿಯುವುದಕ್ಕೆ ಅರ್ಧ ದಿನ ಸಾಕು.

ಈಗ ನಮ್ಮೂರಿನ ಕತೆಗೆ ಬರೋಣ.

ಚಾಪ್‌ಮನ್ ವಿಷಯ ಹುಡುಗರ ಹತ್ತಿರ ಮಾತಾಡುತ್ತಿದ್ದಾಗ ನಮಗೆ ಹಾಲು ಹಾಕುವ ಯಜಮಾನರೊಬ್ಬರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ಎಪ್ಪತ್ತು ದಾಟಿದವರು, ಹಣೆಗೆ ವಿಭೂತಿ, ಹೆಗಲಿಗೆ ಟವೆಲು. ‘ಆ ಹುಡುಗನ ಆಟ ನಾನು ನೋಡಿದೀನಪ್ಪ’ ಅಂದರು. ನಾವು ನಕ್ಕೆವು. ಅವರು ನಗಲಿಲ್ಲ. ಮಾರನೇ ದಿನ ಹಾಲಿನ ಕ್ಯಾನಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಫೋಟೊ ತಂದರು. ಕಪ್ಪು ಬಿಳುಪು. ಹನ್ನೊಂದು ಜನ, ಗೀರು ಗೀರು ಜೆರ್ಸಿ, ಮುಂದೆ ಕೂತವರ ಮಧ್ಯೆ ಚೆಂಡು. ಎಡಗಡೆಯಿಂದ ಮೂರನೆಯವರು ಇವರೇ. ದಟ್ಟ ಕೂದಲು, ಅದೇ ಮೂಗು.

ಕಾರ್ಖಾನೆಯೊಂದರ ಬಿ ತಂಡಕ್ಕೆ ಆಡುತ್ತಿದ್ದರಂತೆ. ಫುಟ್‌ಬಾಲ್ ಆಡುತ್ತಿದ್ದರು ಅಂತಲೇ ಕೆಲಸ ಸಿಕ್ಕಿತ್ತಂತೆ. ‘ಆಗೆಲ್ಲ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಎಲ್ಲರ ಹತ್ರಾನೂ ಟೀಮು ಇತ್ತು. ಮಧ್ಯಾಹ್ನದವರೆಗೆ ಮಿಷನ್ನು, ಆಮೇಲೆ ಪ್ರಾಕ್ಟೀಸು. 1977ರಲ್ಲಿ ಮೊಟ್ಟಮೊದಲನೇ ಫೆಡರೇಷನ್ ಕಪ್ಪು ಗೆದ್ದಿದ್ದು ಯಾರು ಗೊತ್ತಾ? ನಮ್ಮ ಐಟಿಐ. ಮೋಹನ್ ಬಾಗಾನ್‌ನ ಸೋಲಿಸಿ.’ ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು.

ಹತ್ತು ವರ್ಷದಿಂದ ಅವರ ಹತ್ತಿರ ಹಾಲು ತಗೊಳ್ತಿದ್ದೇವೆ. ಬೋನಸ್ಸು, ಹಿಂಡಿ ರೇಟು, ಹಸುವಿನ ಕಾಯಿಲೆ ಎಲ್ಲ ಮಾತಾಡಿದ್ದೇವೆ. ‘ನೀವು ಮೊದಲು ಏನು ಮಾಡ್ತಿದ್ರಿ ಯಜಮಾನ್ರೇ’ ಅಂತ ಒಂದು ದಿನವೂ ಕೇಳಿರಲಿಲ್ಲ. ಸುದ್ದಿ ಹುಡುಕಿಕೊಂಡು ಹೋಬಳಿಯೆಲ್ಲ ಸುತ್ತುವ ನಾವು!

ಚಾಪ್‌ಮನ್ ಯಾವ ಜಾಗದಲ್ಲಿ ಆಡುತ್ತಿದ್ದರು ಅಂತ ಕೇಳಿದೆವು. ‘ಮಿಡ್‌ಫೀಲ್ಡು’ ಅಂದರು. ಅಂದರೇನು ಅಂತ ಹುಡುಗರು ಕೇಳಿದರು. ಯಜಮಾನರು ಸ್ವಲ್ಪ ಯೋಚಿಸಿ ಹೇಳಿದರು, ‘ಎತ್ತಿನ ಗಾಡಿ ನೋಡಿದೀರೇನ್ರೋ? ಗೋಲು ಹೊಡೆಯೋನು ಎತ್ತು. ಎಲ್ರೂ ಎತ್ತನ್ನೇ ನೋಡ್ತಾರೆ, ಎತ್ತಿಗೇ ಪೂಜೆ. ಹಿಂದೆ ಡಿಫೆನ್ಸು, ಅದು ಚಕ್ರ, ಭಾರ ಹೊರೋದು. ಮಧ್ಯದಲ್ಲಿರೋನು ಮೂಕಿ. ಮೂಕಿ ಇಲ್ದಿದ್ರೆ ಎತ್ತು ಒಂದ್ಕಡೆ, ಗಾಡಿ ಒಂದ್ಕಡೆ. ಗಾಡಿ ಹೋಗ್ತಿರೋವಾಗ ಮೂಕಿ ಯಾರ ಕಣ್ಣಿಗೂ ಬೀಳಲ್ಲ. ಮುರಿದಾಗ್ಲೇ ಗೊತ್ತಾಗೋದು.’

2021ರ ಅಕ್ಟೋಬರ್ 12ಕ್ಕೆ ನಾವೊಂದು ಮ್ಯಾಚು ಆಡಿಸಿದೆವು. ದೊಡ್ಡದೇನಲ್ಲ. ಪಾರ್ಕಿಗೆ ಅಂತ ಭೂಮಿ ಹೋದ ಮೇಲೆ ಇನ್ನೂ ಏನೂ ಕಟ್ಟದೆ ಖಾಲಿ ಬಿದ್ದಿದ್ದ ಒಂದು ಹೊಲ. ಮೊದಲು ದ್ರಾಕ್ಷಿ ತೋಟ ಇದ್ದ ಜಾಗ. ಚಪ್ಪರದ ಕಲ್ಲುಕಂಬಗಳು ಅಲ್ಲೇ ಬಿದ್ದಿದ್ದವು. ನಾಲ್ಕು ಕಂಬ ನೆಟ್ಟು ಗೋಲು ಮಾಡಿದೆವು. ಒಂದು ಕಡೆ ಶೆಡ್ಡಿನ ಬಂಗಾಳಿ ಹುಡುಗರು, ಇನ್ನೊಂದು ಕಡೆ ಊರವರು. ರೆಫರಿ ಹಾಲಿನ ಯಜಮಾನರು. ಪಂಚೆ ಮೇಲಕ್ಕೆ ಕಟ್ಟಿ, ಬಾಯಲ್ಲಿ ವಿಸಿಲ್ಲು ಇಟ್ಟುಕೊಂಡು ಓಡಾಡಿದರು.

ಶುರುವಿಗೆ ಒಂದು ನಿಮಿಷ ಮೌನ. ಚಾಪ್‌ಮನ್ ಫೋಟೊ ಬೇಕಲ್ಲ? ಫ್ಲೆಕ್ಸ್ ಹಾಕಿಸುವಷ್ಟು ದುಡ್ಡಿರಲಿಲ್ಲ. ಫೋನಿನಲ್ಲಿದ್ದ ಫೋಟೊವನ್ನು ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಕಂಬಕ್ಕೆ ಅಂಟಿಸಿ, ಕನಕಾಂಬರದ ಹಾರ ಹಾಕಿದೆವು. ನದಿಯಾದ ಹುಡುಗ ಅವನ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಕಂಬದ ಕಡೆ ಹಿಡಿದ. ಆ ಕಡೆ ಮುದುಕರೊಬ್ಬರು ಏನೋ ಬಂಗಾಳಿಯಲ್ಲಿ ಹೇಳುತ್ತಿದ್ದರು. ನಮಗೆ ತಿಳಿದದ್ದು ಚಾಪ್‌ಮನ್ ಅನ್ನುವ ಒಂದು ಮಾತು. ಅದು ಸಾಕಾಗಿತ್ತು.

ನಾವು 5-1ರಿಂದ ಸೋತೆವು. ಮಳೆ ಬಂತು, ಕೆಸರಾಯಿತು, ಒಬ್ಬನ ಕಾಲುಗುರು ಹೋಯಿತು. ಮ್ಯಾಚು ಮುಗಿದ ಮೇಲೆ ಅವನು ಹತ್ತಿರ ಬಂದು, ‘ದಾದಾ, ಮನೆಗೆ ಹೋಗಿ ಬಂದ ಹಾಗಾಯಿತು’ ಅಂದ. ಚಾಪ್‌ಮನ್ ಮನೆಗೋ, ತನ್ನ ಮನೆಗೋ, ನಾವು ಕೇಳಲಿಲ್ಲ.

ಆ ಸುದ್ದಿಯನ್ನೂ ಪೇಪರಿಗೆ ಕಳಿಸಿದ್ದೆವು. ಬರಲಿಲ್ಲ. ಇರಲಿ.

ಅಪಾರ್ಟ್‌ಮೆಂಟಿನ ಕೆಲಸ ಮುಗಿದ ಮೇಲೆ ಹುಡುಗ ಊರಿಗೆ ಹೋದ. ನಾವು ಆಡಿದ ಹೊಲಕ್ಕೂ ಈಗ ಕಾಂಪೌಂಡು ಬಂದಿದೆ. ನಮ್ಮ ಸುತ್ತ ಈಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಹಸಿರು ಟರ್ಫುಗಳಿವೆ, ನಮ್ಮ ಹುಡುಗರು ಬೇಲಿಯಾಚೆ ನಿಂತು ನೋಡುತ್ತಾರೆ. ಆದರೂ ಆಟ ಸತ್ತಿಲ್ಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ. ಯಜಮಾನರು ಆವತ್ತು ಹಾಲಿನ ಜೊತೆ ಅರ್ಧ ಕೆಜಿ ಮೈಸೂರುಪಾಕು ತಂದಿದ್ದರು. ಹಿಂದಿನ ಸಲ, 1968-69ರಲ್ಲಿ, ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದಾಗ ತಾವು ಹುಡುಗ ಅಂದರು.

ಪ್ರತಿ ಅಕ್ಟೋಬರ್ 12ಕ್ಕೆ ಈಗಲೂ ಎಲ್ಲಾದರೂ ಒಂದು ಖಾಲಿ ಜಾಗ ಹುಡುಕಿ ಆಡುತ್ತೇವೆ. ನದಿಯಾದಿಂದ ವಾಯ್ಸ್ ಮೆಸೇಜ್ ಬರುತ್ತದೆ. ಕನ್ನಡ ಮರೆಯುತ್ತಿದ್ದಾನೆ, ಆದರೆ ‘ಎಷ್ಟು ಗೋಲು ದಾದಾ’ ಅಂತ ಕನ್ನಡದಲ್ಲೇ ಕೇಳುತ್ತಾನೆ.

ಓದುವವರಲ್ಲಿ ಒಂದು ಕೇಳಿಕೆ. ನಿಮ್ಮೂರಿನಲ್ಲೂ ಒಬ್ಬರಿರುತ್ತಾರೆ. ಕುಸ್ತಿ ಆಡಿದವರೋ, ಕಬಡ್ಡಿಯೋ, ವಾಲಿಬಾಲೋ. ಈಗ ಹಾಲು ಹಾಕುತ್ತಿರಬಹುದು, ವಾಚ್‌ಮನ್ ಆಗಿರಬಹುದು, ಜಗಲಿ ಮೇಲೆ ಸುಮ್ಮನೆ ಕೂತಿರಬಹುದು. ಅವರು ಹೋದ ಮೇಲೆ ಸ್ಟೇಟಸ್ ಹಾಕುವುದು ಸುಲಭ. ಈ ವಾರ ಹೋಗಿ ಮಾತಾಡಿಸಿ. ಬೀರುವಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ, ತೋರಿಸಿ ಅನ್ನಿ.

ಕಳೆದ ಸಲದ ಮ್ಯಾಚಿಗೆ ಬಂದಿದ್ದ ಆರನೇ ಕ್ಲಾಸಿನ ಹುಡುಗನೊಬ್ಬ ಹಾರ ಹಾಕಿದ ಫೋಟೊ ನೋಡಿ ನಮ್ಮನ್ನು ಕೇಳಿದ, ‘ಇವ್ರು ಯಾರಣ್ಣ?’

ನಮ್ಮ ಹತ್ತಿರ ಈಗ ಉತ್ತರವಿತ್ತು. ಪಕ್ಕದಲ್ಲಿ ಕೂರಿಸಿಕೊಂಡು, 1993ರ ಆ ಮೂರು ಗೋಲಿನಿಂದ ಶುರು ಮಾಡಿದೆವು.